ದೋಣಿಗೊಬ್ಬ ಈಜುಗಾರ

ಚಂದಾಪುರದ ವಠಾರದಲ್ಲಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದ ಚನ್ನಬಸಮ್ಮ ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ, ಅವಳ ಗಂಡ ದ್ಯಾಮಣ್ಣ ಅಂಗಿ ಬಿಚ್ಚಿ ಕೇರಳದ ಬಿಸಿಲಿನಲ್ಲಿ ಸಂಡಿಗೆಯಂತೆ ಒಣಗಬೇಕಾಗಿ ಬರುತ್ತಿರಲಿಲ್ಲ.

ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರ ಗುಣಗಾನ ಮಾಡುತ್ತಿದ್ದಾಗ ಮಾತು ಟೂರಿನ ಕಡೆ ಹೊರಳಿತು. ದ್ಯಾಮಣ್ಣ ಕೆಲಸ ಮಾಡುತ್ತಿದ್ದ ಬೊಮ್ಮಸಂದ್ರದ ಪಂಪ್ ಕಾರ್ಖಾನೆಯಲ್ಲಿ ಕ್ಯಾಂಟೀನ್ ಕಮಿಟಿಯ ಮುಖಂಡ ವೆಂಕಟಪ್ಪ ದಸರಾ ರಜೆಗೆ ಎಲ್ಲರನ್ನೂ ಸಂಸಾರ ಸಮೇತ ಕೇರಳಕ್ಕೆ ಹೊರಡಿಸಿದ್ದ. ಬಸ್ಸಿನಲ್ಲಿ ಅಲೆಪ್ಪಿ, ಅಲ್ಲಿಂದ ಬೋಟಿನಲ್ಲಿ ದಕ್ಷಿಣಕ್ಕೆ, ಇಡೀ ಹಗಲು ಹಿನ್ನೀರಿನ ಮೇಲೆ ತೇಲಿ ಸಂಜೆಗೆ ಕೊಲ್ಲಂ. ಬೋಟು ಎಂದಕೂಡಲೇ ಪಕ್ಕದ ಮನೆಯ ಭಾನುಮತಿಗೆ ನಡುಕ ಹತ್ತಿತ್ತು.

"ಅಲ್ಲಾ ಕಣ್ರೀ, ಏನಾದ್ರೂ ಮಗುಚಿಕೊಂಡ್ರೆ? ನಮ್ಮ ಗುಂಪಲ್ಲಿ ಒಬ್ಬರಿಗೂ ಈಜು ಬರಲ್ಲ. ನಮ್ಮನೆಯವರಿಗಂತೂ ತುಂಬಿದ ಬಕೆಟ್ ಕಂಡ್ರೂ ತಲೆ ತಿರುಗತ್ತೆ" ಎಂದಳು.

"ಅದಕ್ಯಾಕ ಹೆದರ್ತೀರಿ? ನಮ್ಮವರು ಹೊಳಿದಂಡಿಯವರು. ತುಂಬಿದ ತುಂಗಭದ್ರಿಯೊಳಗ ಮೀನಿನಂಗ ಈಜ್ತಾರ" ಎಂದಳು ಚನ್ನಬಸಮ್ಮ.

ಕೊಡ ತುಂಬುವ ಮೊದಲೇ ಮಾತು ವಠಾರ ತುಂಬಿತು. ಮರುದಿನ ಫಸ್ಟ್ ಶಿಫ್ಟ್ ಮುಗಿಯುವಷ್ಟರಲ್ಲಿ ಕಾರ್ಖಾನೆಯನ್ನೂ ತುಂಬಿತು.

ದ್ಯಾಮಣ್ಣ ಹೊಳೆದಂಡೆಯಲ್ಲಿ ಹುಟ್ಟಿದ್ದೇನೋ ನಿಜ. ಆದರೆ ಹುಟ್ಟಿದ ವಾರದಲ್ಲೇ ಮಠದ ಅಯ್ಯನೋರು ಈ ಕೂಸಿಗೆ ಜಲಗಂಡವಿದೆ ಎಂದು ಹೇಳಿಬಿಟ್ಟಿದ್ದರು. ಅವನ ತಾಯಿ ಅವನನ್ನು ಹೊಳೆ ಹಾಗಿರಲಿ, ದನ ಕುಡಿಯುವ ಬಾನಿಯ ಹತ್ತಿರಕ್ಕೂ ಬಿಡದೆ ಬೆಳೆಸಿದಳು. ಮುಂದೆ ಹೆಣ್ಣು ನೋಡಲು ಹೋದಾಗ ಸೋದರಮಾವ, ಹುಡುಗನ ಗುಣ ಏನು ಹೇಳುವುದೆಂದು ತೋಚದೆ, "ನಮ್ಮ ಹುಡುಗ ತುಂಬಿದ ಹೊಳಿಯೊಳಗ ಆಚಿ ದಂಡಿ ಮುಟ್ಟಿ ಬರ್ತಾನ" ಎಂದು ಒಗೆದುಬಿಟ್ಟ. ಆ ಸುಳ್ಳು ದ್ಯಾಮಣ್ಣನದಲ್ಲ. ಆದರೆ ಹೆಂಡತಿಯ ಮುಂದೆ ಅದನ್ನು ಅಲ್ಲಗಳೆಯುವ ಧೈರ್ಯವೂ ಅವನಿಗೆ ಈತನಕ ಬಂದಿರಲಿಲ್ಲ. ಹೀಗಾಗಿ ಟೂರಿನ ದಿನದವರೆಗೂ ಯಾರು ಕೇಳಿದರೂ "ಏ, ಅದೆಲ್ಲಾ ಸಣ್ಣಾಂವ ಇದ್ದಾಗ" ಎಂದು ತೇಲಿಸಿ ಮಾತಾಡಿದ. ಅವನು ತೇಲಿಸಲು ಬಲ್ಲವನಾಗಿದ್ದು ಅದೊಂದನ್ನೇ.

ಅಲೆಪ್ಪಿಯಲ್ಲಿ ಬೋಟು ಹತ್ತಿದಾಗ ಅವನ ಆಸೆ ಇದ್ದದ್ದು ಇಷ್ಟೇ: ಮೇಲಿನ ಅಂತಸ್ತಿನ ನೆರಳಿನಲ್ಲಿ ಒಂದು ಕುರ್ಚಿ ಹಿಡಿದು, ಕಾಲು ಚಾಚಿ, ತೆಂಗಿನ ಮರಗಳು ಹಿಂದೆ ಸರಿಯುವುದನ್ನು ನೋಡುತ್ತಾ ಹೋಗಬೇಕು. ವರ್ಷವಿಡೀ ಪಂಪುಗಳ ಗುರ್ರ್ ಎಂಬ ಸದ್ದು ಕೇಳಿದ ಕಿವಿಗೆ ಅಷ್ಟಾದರೂ ನ್ಯಾಯ ಬೇಡವೇ? ಕುರ್ಚಿ ಸಿಕ್ಕಿತು. ಅವನ ಬೆನ್ನು ಅದಕ್ಕೆ ತಾಗುವಷ್ಟರಲ್ಲಿ ವೆಂಕಟಪ್ಪ ಚಪ್ಪಾಳೆ ತಟ್ಟಿದ.

"ಎಲ್ರೂ ಕೇಳ್ರಪ್ಪಾ! ಯಾರೂ ಎದರ್ಕೋಬ್ಯಾಡಿ. ನಮ್ ದ್ಯಾಮಣ್ಣ ಅವ್ರೆ. ಯಾರಾನಾ ಬಿದ್ರೆ ಅವ್ರು ಎತ್ಕೊಂಡ್ ಬತ್ತಾರೆ. ದ್ಯಾಮಣ್ಣಾ, ನೀವು ಇಂಗೆ ಕುಂತ್ಕಂಡ್ರೆ ಎಂಗೆ? ಕೆಳಗೆ ಬನ್ನಿ, ಬಾಗ್ಲತ್ರ ಕಂಬಿ ಇಡ್ಕೊಂಡು ನಿಂತ್ಕಳಿ."

"ನಾನೂ ಟೂರಿಗೇ ಬಂದೀನಿ ವೆಂಕಟಪ್ನೋರ, ಕಾವಲಿಗಲ್ಲ" ಎಂದ ದ್ಯಾಮಣ್ಣ.

ಅಷ್ಟರಲ್ಲಿ ಆ ಕುರ್ಚಿಯಲ್ಲಿ ಭಾನುಮತಿಯ ಅತ್ತೆ ಕೂತಾಗಿತ್ತು.

ಬೋಟಿನ ಬಾಗಿಲೆಂದರೆ ಬಾಗಿಲೇನೂ ಇಲ್ಲದ ಒಂದು ಸಂದು. ಒಂದು ಕಡೆ ಕಬ್ಬಿಣದ ಕಂಬಿ, ಇನ್ನೊಂದು ಕಡೆ ನೀರು. ದ್ಯಾಮಣ್ಣ ಆ ಕಂಬಿಯನ್ನು ಹೊಸ ಸೊಸೆ ತಾಳಿ ಹಿಡಿದುಕೊಂಡಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ. ವಠಾರದ ತಾಯಂದಿರೆಲ್ಲ ತಮ್ಮ ತಮ್ಮ ಮಕ್ಕಳನ್ನು ತಂದು ಅವನ ಕಾಲಬುಡದಲ್ಲಿ ಬಿಟ್ಟು, "ಅಂಕಲ್ ಹತ್ರ ಇರಿ, ಅಲ್ಲಾಡಬೇಡಿ" ಎಂದು ಹೇಳಿ ನಿಶ್ಚಿಂತೆಯಿಂದ ಮೇಲೆ ಹೋಗಿ ಅಂತ್ಯಾಕ್ಷರಿ ಶುರುಮಾಡಿದರು. ಮಕ್ಕಳು ಅಲ್ಲಾಡಿದವು. ಒಂದು ಕಂಬಿಗೆ ಜೋತುಬಿತ್ತು, ಇನ್ನೊಂದು ನೀರಿಗೆ ಕಡಲೆಕಾಯಿ ಸಿಪ್ಪೆ ಎಸೆಯಲು ಬಗ್ಗಿತು. ಅವುಗಳ ಕಾಲರು ಹಿಡಿದೆಳೆಯುವುದರಲ್ಲೇ ಒಂದು ಕೆರೆಯೋ ಸಮುದ್ರವೋ ಎನ್ನುವಂಥ ನೀರು ದಾಟಿಹೋಯಿತು. ದ್ಯಾಮಣ್ಣ ಅದನ್ನು ನೋಡಲೇ ಇಲ್ಲ. ನೋಡುವ ಧೈರ್ಯವೂ ಇರಲಿಲ್ಲವೆನ್ನಿ.

ಊಟದ ಹೊತ್ತಿಗೆ ಚನ್ನಬಸಮ್ಮ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಲೆ, ಶೇಂಗಾ ಚಟ್ನಿಪುಡಿಯ ಗಂಟು ಬಿಚ್ಚಿದಳು. ವಾಸನೆಗೆ ದ್ಯಾಮಣ್ಣನ ಕಂಬಿ ಹಿಡಿದ ಕೈ ಸಡಿಲಾಯಿತು. ಆದರೆ ರೊಟ್ಟಿ ಮುರಿಯುವಷ್ಟರಲ್ಲಿ ಭಾನುಮತಿ ಹೌಹಾರಿ ಓಡಿಬಂದಳು.

"ಅಯ್ಯೋ, ನೀವು ತಿನ್ನಬೇಡ್ರೀ! ಹೊಟ್ಟೆ ತುಂಬ ತಿಂದು ನೀರಿಗಿಳಿದ್ರೆ ಸೆಳೆತ ಬರತ್ತಂತೆ. ಕೊಲ್ಲಂಗೆ ಹೋದ್ಮೇಲೆ ಆರಾಮಾಗಿ ತಿನ್ನುವಿರಂತೆ."

"ನಾ ಯಾಕ್ರೀ ನೀರಿಗೆ ಇಳೀಲಿ?"

"ಇಳೀಬೇಕಾಗಿ ಬಂದ್ರೆ ಅಂತ."

ರೊಟ್ಟಿ ಅವನ ಕಣ್ಣೆದುರಿಗೇ ವಠಾರದ ಪಾಲಾಯಿತು. "ಚನ್ನಬಸಮ್ನೋರೇ, ಸಕ್ಕತ್ತಾಗಿದೆ ಕಣ್ರೀ" ಎಂದು ಭಾನುಮತಿಯ ಗಂಡ ನಾಣಿ ನಾಲ್ಕನೆಯದನ್ನು ಸುರುಳಿ ಸುತ್ತಿದ. ನಾಣಿ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದ. ಈ ಪ್ರವಾಸಕ್ಕೆಂದೇ ಹೊಸ ಕ್ಯಾಮೆರಾ ಕೊಂಡಿದ್ದ. ಕೈ ಒರೆಸಿಕೊಂಡು ಅವನು ಕ್ಯಾಮೆರಾ ಎತ್ತಿದಾಗ ಮೊಸರನ್ನದ ಡಬ್ಬಿಯ ಮುಚ್ಚಳ ಅವನ ಮೊಣಕೈ ತಾಗಿ ಉರುಳಿ, ಠಣ್ ಎಂದು ಕಂಬಿಗೆ ಬಡಿದು ನೀರಿಗೆ ಬಿತ್ತು.

"ಅಯ್ಯೋ, ಅಮ್ಮ ಕೊಟ್ಟ ಡಬ್ಬಿ!" ಎಂದು ಭಾನುಮತಿ ಕೂಗಿದಳು. ಬೋಟಿನ ಅಷ್ಟೂ ಕಣ್ಣು ದ್ಯಾಮಣ್ಣನ ಮೇಲೆ ನೆಟ್ಟವು.

ದ್ಯಾಮಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಡಬ್ಬಿ ಮುಚ್ಚಳಕ್ಕೆಲ್ಲಾ ನಾ ಹಾರಂಗಿಲ್ರೀ! ಮನುಷ್ಯಾರು ಬಿದ್ರ ಹೇಳ್ರಿ!"

ಬಾಯಿಂದ ಜಾರಿದ ಮೇಲೆ ಅದರ ಅರ್ಥ ಅವನಿಗೇ ಹೊಳೆಯಿತು. ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ವೆಂಕಟಪ್ಪನಂತೂ, "ನೋಡ್ರಪ್ಪಾ ಗಂಡಸು ಅಂದ್ರೆ!" ಎಂದು ಮೆಚ್ಚಿ, ಇಂಥವರು ಅಂಗಿ ಬಿಚ್ಚಿಕೊಂಡು ತಯಾರಾಗಿರುವುದೇ ಒಳ್ಳೆಯದೆಂದು ತಾನೇ ದ್ಯಾಮಣ್ಣನ ಗುಂಡಿ ಬಿಚ್ಚಿ ಅಂಗಿ ಎಳೆದುಕೊಂಡ. ದ್ಯಾಮಣ್ಣ ಬನಿಯನ್ ಮಾತ್ರ ಹಲ್ಲು ಕಚ್ಚಿ ಉಳಿಸಿಕೊಂಡ. ಅದನ್ನೂ ಆಮೇಲೆ ಬಿಸಿಲು ಬಿಚ್ಚಿಸಿತು.

ಮಧ್ಯಾಹ್ನದ ಹೊತ್ತು ಎಲ್ಲರೂ ತೂಕಡಿಸುತ್ತಿದ್ದಾಗ ಅವನು ನಾಣಿಯನ್ನು ಮೂಲೆಗೆ ಕರೆದ. ಹಸಿವು, ನಿದ್ದೆ, ಬಿಸಿಲು ಮೂರೂ ಸೇರಿ ಅವನ ಮಾನಮರ್ಯಾದೆಯನ್ನು ಸೋಲಿಸಿದ್ದವು.

"ನಾಣಿ, ನಮ್ಮಾಕಿಗೆ ಹೇಳಬ್ಯಾಡ್ರಿ. ನಂಗ ಈಜಾಕ ಬರಂಗಿಲ್ಲ."

ನಾಣಿ ಹೊಟ್ಟೆ ಹಿಡಿದು ನಕ್ಕ. "ಗುರುವೇ, ಏನ್ ವಿನಯಾರೀ ನಿಮ್ದು! ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಇದೇ ನೋಡಿ" ಎಂದವನು ಮೇಲೆ ಹೋಗಿ ಎಲ್ಲರನ್ನೂ ಎಬ್ಬಿಸಿ ಈ ಹಾಸ್ಯವನ್ನು ಹಂಚಿದ. ಬೋಟಿಗೆ ಬೋಟೇ ನಕ್ಕಿತು. ಅನ್ಯಾಯ! ಸುಳ್ಳು ಹೇಳಿದ ಸೋದರಮಾವನನ್ನು ಇಡೀ ಬೀಗರ ಮನೆ ನಂಬಿತ್ತು. ನಿಜ ಹೇಳಿದ ತನ್ನನ್ನು ಒಬ್ಬನೂ ನಂಬುತ್ತಿಲ್ಲವಲ್ಲ ಎಂದು ದ್ಯಾಮಣ್ಣ ಹಲ್ಲು ಕಡಿದ.

ಚಹಾಕ್ಕೆಂದು ಬೋಟು ಕಾಲುವೆಯೊಂದರ ಪಕ್ಕದ ಕಟ್ಟೆಗೆ ತಾಗಿ ನಿಂತಿತು. ಚಹಾ ಮುಗಿಸಿ ಎಲ್ಲರೂ ಹತ್ತಿದರು. ಹೊರಡುವ ಮೊದಲು ವೆಂಕಟಪ್ಪನಿಗೆ ಬೋಟಿನ ಮೂತಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಹುಟ್ಟಿತು. ಸೊಂಟದ ಮೇಲೆ ಕೈ, ತಲೆಯ ಮೇಲೆ ಟವೆಲ್ಲು, ಇನ್ನೊಂದು ಊರು ಗೆದ್ದ ಪಾಳೆಯಗಾರನ ಹಾಗೆ ನಿಂತ.

"ಒಂಚೂರು ಹಿಂದಕ್ಕೆ ಸಾರ್... ಇನ್ನೂ ಒಂಚೂರು... ಕಾಲು ಕಟ್ಟಾಗ್ತಿದೆ" ಎಂದ ನಾಣಿ, ಕ್ಯಾಮೆರಾದಲ್ಲಿ ಕಣ್ಣಿಟ್ಟು.

ಇಂಜಿನ್ ಶುರುವಾಗಿ ಬೋಟು ಒಮ್ಮೆ ಕುಲುಕಿತು. ಫೋಟೋದಿಂದ ವೆಂಕಟಪ್ಪ ಪೂರ್ತಿ ಕಟ್ಟಾದ.

"ಬಿದ್ರು! ಬಿದ್ರು! ದ್ಯಾಮಣ್ಣೋರೇ!"

ದ್ಯಾಮಣ್ಣ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಓಡಿಬಂದ ನಾಣಿ, "ಹೋಗಿ ಗುರುವೇ, ತೋರಿಸಿ ನಿಮ್ಮ ಕೈಚಳಕ!" ಎಂದು ಹುರಿದುಂಬಿಸುವ ಉತ್ಸಾಹದಲ್ಲಿ ಅವನ ಬೆನ್ನನ್ನು ಎರಡೂ ಕೈಯಿಂದ ಚಪ್ಪರಿಸಿದ. ಬೆವರಿದ ಕೈ ಕಂಬಿಯಿಂದ ಜಾರಿತು. ಹೊಳೆದಂಡೆಯ ಈಜುಗಾರ ಅಕ್ಕಿಮೂಟೆಯಂತೆ ನೀರಿಗೆ ಬಿದ್ದ.

ಇತ್ತ ವೆಂಕಟಪ್ಪನಿಗೆ ಏನೂ ಆಗಿರಲಿಲ್ಲ. ಬೋಟಿನ ಪಕ್ಕಕ್ಕೆ ಕಟ್ಟಿದ್ದ ಲಾರಿ ಟೈರೊಂದನ್ನು ಅವನು ಆಗಲೇ ತಬ್ಬಿಕೊಂಡಿದ್ದ. "ನಾನಿಲ್ಲಿವ್ನಿ ಕಣ್ರಪ್ಪೋ! ಎತ್ಕಳ್ರೋ!" ಎಂದು ಅರಚುತ್ತಿದ್ದ. ಯಾರೂ ಅವನನ್ನು ನೋಡಲಿಲ್ಲ. ಎಲ್ಲರೂ ದ್ಯಾಮಣ್ಣ ಮುಳುಗಿದ ಜಾಗವನ್ನೇ ಬೆರಗಿನಿಂದ ನೋಡುತ್ತಿದ್ದರು.

"ಎಷ್ಟೊತ್ತು ಉಸಿರು ಹಿಡೀತಾರೆ ನೋಡ್ರೀ" ಎಂದಳು ಭಾನುಮತಿ.

"ಕೆಳಗೆ ಹುಡುಕ್ತಾ ಇರಬೇಕು" ಎಂದ ನಾಣಿ.

ಕೆಳಗೆ ದ್ಯಾಮಣ್ಣ ಹಸಿರು ಕತ್ತಲೆಯಲ್ಲಿ ಕೈಕಾಲು ಬಡಿಯುತ್ತಿದ್ದ. ಮೂಗಿನಲ್ಲಿ ನೀರು, ಬಾಯಲ್ಲಿ ನೀರು. ಭಯಕ್ಕಿಂತ ಅವನಿಗೆ ಉಕ್ಕಿದ್ದು ಸಿಟ್ಟು. ಊಟವಿಲ್ಲ, ಕುರ್ಚಿಯಿಲ್ಲ, ಅಂಗಿಯಿಲ್ಲ, ಈಗ ಪ್ರಾಣವೂ ಇಲ್ಲ! ಸಾಯುವುದಾದರೆ ಸೋದರಮಾವನ ಕುತ್ತಿಗೆ ಹಿಡಿದುಕೊಂಡೇ ಸಾಯಬೇಕಿತ್ತು. ಒಮ್ಮೆ ಹೇಗೋ ಅವನ ಕೈ ಮೇಲೆದ್ದು ಕಾಪಾಡಿ ಎಂದು ಬೀಸಿತು. ಬೋಟಿನವರೆಲ್ಲ ಖುಷಿಯಿಂದ ತಿರುಗಿ ಕೈಬೀಸಿದರು. ನಾಣಿ ಫೋಟೋ ತೆಗೆದ.

ಆಗ ಮೇಲಿನ ಅಂತಸ್ತಿನಿಂದ ಇಳಿದು ಓಡಿಬರುತ್ತಾ ಯಾರೋ ಕೂಗಿದ್ದು ಕೇಳಿತು.

"ಮುಳುಗಾಕ ಹತ್ಯಾರೋ ಮೂಳಗೋಳ್ರಾ! ಅವರಿಗೆ ಎಲ್ಲಿ ಈಜಾಕ ಬರತೈತಿ! ಸರೀರಿ ಆಚೀಕ!"

ಚನ್ನಬಸಮ್ಮ! ಸೆರಗನ್ನು ಸೊಂಟಕ್ಕೆ ಸುತ್ತಿ, ನಿರಿಗೆ ಎತ್ತಿ ಕಚ್ಚೆ ಬಿಗಿದು, ನಾಣಿಯನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ತಳ್ಳಿ, ಕೈ ಜೋಡಿಸಿ ತಲೆಕೆಳಗಾಗಿ ಹಾರಿದಳು. ನೀರು ಸೀಳಿತೇ ಹೊರತು ಸಿಡಿಯಲಿಲ್ಲ. ಎರಡು ಬೀಸಿಗೆ ಅಲ್ಲಿದ್ದಳು, ಮುಳುಗಿದಳು, ಗಂಡನ ತಲೆಗೂದಲು ಹಿಡಿದು ಮೇಲೆದ್ದಳು. ಅವನನ್ನು ಅಂಗಾತ ಮಲಗಿಸಿ ಒಂದು ಕೈಯಲ್ಲಿ ಎಳೆಯುತ್ತಾ ಇನ್ನೊಂದರಲ್ಲಿ ಈಜುತ್ತಾ, ಹಿಂಡಿದ ಬಟ್ಟೆ ತರುವಷ್ಟೇ ಸಲೀಸಾಗಿ ಬೋಟಿಗೆ ತಂದಳು. ಬೋಟಿನ ಸಿಬ್ಬಂದಿ ಅವನನ್ನು ಎಳೆದು ಬೋರಲು ಹಾಕಿ ಬೆನ್ನು ಒತ್ತಿದರು. ಕೇರಳದ ಅರ್ಧ ಹಿನ್ನೀರು ಹೊರಬಂತು. ವೆಂಕಟಪ್ಪನ ನೆನಪು ಎಲ್ಲರಿಗೂ ಆದದ್ದು ಆಮೇಲೆಯೇ.

ಬೋಟು ಮತ್ತೆ ಹೊರಟಿತು. ಮೇಲಿನ ಅಂತಸ್ತಿನಲ್ಲಿ ಅತ್ಯಂತ ಒಳ್ಳೆಯ ಕುರ್ಚಿಯಲ್ಲಿ ಚನ್ನಬಸಮ್ಮ ಕೂತಿದ್ದಳು. ಭಾನುಮತಿ ಅವಳ ತಲೆ ಒರೆಸುತ್ತಿದ್ದಳು. ಇನ್ನೊಬ್ಬಳು ಬಿಸಿ ಹಾಲು ಹಿಡಿದು ನಿಂತಿದ್ದಳು. ದ್ಯಾಮಣ್ಣನನ್ನು ಕಂಬಳಿ ಸುತ್ತಿ, ಇಂಜಿನ್ನಿನ ಪಕ್ಕದ ಕಿಟಕಿಯಿಲ್ಲದ ಮೂಲೆಯಲ್ಲಿ ಮಕ್ಕಳ ನಡುವೆ ಕೂರಿಸಿದ್ದರು. ಇಂಜಿನ್ನು ಥೇಟ್ ಬೊಮ್ಮಸಂದ್ರದ ಪಂಪಿನ ಹಾಗೆಯೇ ಗುರ್ರ್ ಎನ್ನುತ್ತಿತ್ತು. "ಅಷ್ಟು ಗೊತ್ತಿಲ್ಲದ ಮೇಲೆ ಮೊದ್ಲೇ ಹೇಳ್ಬೇಕಪ್ಪಾ. ಜನರ ಜೀವದ ಪ್ರಶ್ನೆ!" ಎಂದು ನಾಣಿ ಗದರಿಸಿ ಹೋಗಿದ್ದ. ತಿರುಗಿ ಬೈಯೋಣವೆಂದರೆ ದ್ಯಾಮಣ್ಣನ ಬಾಯಲ್ಲಿ ಇನ್ನೂ ನೀರಿತ್ತು.

ಕೊಲ್ಲಂ ಹತ್ತಿರವಾದಾಗ ಚನ್ನಬಸಮ್ಮ ಕೆಳಗಿಳಿದು ಬಂದು ಅವನ ಪಕ್ಕ ಕೂತಳು.

"ನಿನಗ ಈಜಾಕ ಬರ್ತೈತಿ ಅಂತ ಇಷ್ಟು ವರ್ಷ ಒಂದ್ ಮಾತು ಹೇಳಿಲ್ಲಲ್ಲ!" ಎಂದು ದ್ಯಾಮಣ್ಣ ಹರಿಹಾಯ್ದ.

"ನಂದೂ ಮಲಪ್ರಭಾ ದಂಡಿ ಊರು. ನೋಡಾಕ ಬಂದಾಗ ನಿಮ್ಮವ್ವ ರೊಟ್ಟಿ ಬಡಿಯಾಕ ಬರ್ತೈತೇನು ಅಂತ ಕೇಳಿದ್ರು, ಹಾಡಾಕ ಬರ್ತೈತೇನು ಅಂತ ಕೇಳಿದ್ರು. ಈಜು ಬರ್ತೈತೇನು ಅಂತ ಯಾರು ಕೇಳಿದ್ರು?"

ದ್ಯಾಮಣ್ಣನ ಸಿಟ್ಟು ಇಳಿಯಲಿಲ್ಲ. "ನಂಗ ಬರಂಗಿಲ್ಲ ಅಂತ ಯಾವಾಗ ತಿಳೀತು?"

"ಮದುವಿ ಆದ ಮರುದಿನ. ಹೊಳಿಗೆ ಹೋದಾಗ ನೀವು ಮೊಳಕಾಲುದ್ದ ನೀರಾಗ ನಿಂತು, ಕಣ್ಣು ಮುಚ್ಚಿ, ತಂಬಿಗಿಲೆ ಜಳಕಾ ಮಾಡಿದ್ರಲ್ಲ? ಅವತ್ತ."

"ಮತ್ತ ನಲ್ಲಿ ಮುಂದ ಮೀನಿನಂಗ ಈಜ್ತಾರ ಅಂತ ಯಾಕ ಹೇಳಿದಿ?"

ಚನ್ನಬಸಮ್ಮ ಒದ್ದೆ ಸೆರಗು ಹಿಂಡುತ್ತಾ ನಿಟ್ಟುಸಿರುಬಿಟ್ಟಳು. "ಅವರೆಲ್ಲಾ ತಮ್ಮ ತಮ್ಮ ಗಂಡಂದಿರ ಬಗ್ಗೆ ಏನೇನೋ ಹೇಳ್ಕೊಳ್ಳಾಕ ಹತ್ತಿದ್ರು. ನಾನೂ ಏನಾರ ಒಂದು ಹೇಳಬೇಕಲ್ರೀ? ಎಷ್ಟು ಯೋಚನಿ ಮಾಡಿದ್ರೂ ನಿಮ್ಮ ಬಗ್ಗೆ ಬ್ಯಾರೆ ಏನೂ ನೆನಪಾಗ್ಲಿಲ್ಲ."

ದ್ಯಾಮಣ್ಣ ಕೆಂಡವಾದ. ಇನ್ನು ಇವಳ ಪಕ್ಕ ಒಂದು ಗಳಿಗೆ ಕೂರಬಾರದೆಂದು ಕಂಬಳಿ ಕೊಡವಿ ಎದ್ದು ನಿಂತ. ಕೂಡಲೇ ಮೇಲಿನಿಂದ, ಕೆಳಗಿನಿಂದ, ಇಡೀ ಬೋಟೇ ಕಿರುಚಿಕೊಂಡಿತು:

"ಎದ್ರು! ದ್ಯಾಮಣ್ಣೋರು ಎದ್ರು! ಹಿಡ್ಕೊಳ್ರೋ!"