ಯೂನಿಫಾರ್ಮ್ ತೊಟ್ಟ ಬೀಡಾಡಿ ಬೆಕ್ಕು

ಸಿದ್ದಾಪುರ ಪೇಟೆಯಲ್ಲಿ ಮನೆಯ ಜಗಲಿಯ ಮೇಲೇ ಮೆಷಿನ್ ಇಟ್ಟುಕೊಂಡು ರವಿಕೆ, ಶಾಲೆಯ ಯೂನಿಫಾರ್ಮ್ ಹೊಲಿಯುವವಳು ನಾನು. ಬೀದಿಗೆ ಮುಖ ಮಾಡಿ ಕೂತವಳಿಗೆ ಊರ ಉಸಾಬರಿ ತಾನಾಗಿ ಬರುತ್ತಲೇ ಇರುತ್ತದೆ. ಬಾರದಿದ್ದರೆ ನಾನೇ ಹೋಗಿ ತರುತ್ತೇನೆ ಎನ್ನುವುದು ಅತ್ತೆಯ ದೂರು. ಈ ಸಲದ್ದು ನಾನೇ ತಂದದ್ದು, ಒಪ್ಪಿಕೊಳ್ಳುತ್ತೇನೆ.

೧. ಸೀರೆಯ ಗತಿ

ದಾರದ ಉಂಡೆ ತರಲು ಹೋದವಳು ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಅದನ್ನು ಕಂಡೆ. ಯಾವುದೋ ಬೈಕಿಗೆ ಸಿಕ್ಕು ಹಿಂಗಾಲು ಮುರಿದುಕೊಂಡ ಗಂಡುಬೆಕ್ಕು. ಹತ್ತಿರ ಹೋದರೆ ಬುಸ್ ಎನ್ನುತ್ತಿತ್ತು, ಓಡಲು ಮಾತ್ರ ಕಾಲಿರಲಿಲ್ಲ. ಚೀಲದಲ್ಲಿದ್ದದ್ದು ಫಾಲ್ಸ್ ಹಚ್ಚಲು ಗಿರಾಕಿ ಕೊಟ್ಟ ಸೀರೆ ಒಂದೇ. ಅದನ್ನೇ ಬೆಕ್ಕಿನ ಮೇಲೆ ಎಸೆದು, ಸುತ್ತಿ, ಆಟೋ ಹತ್ತಿ ದನದ ಆಸ್ಪತ್ರೆಗೆ ಓಡಿದೆ.

ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿ, ಒಂದು ಗೂಡು ಕೊಟ್ಟರು. "ಬೀದಿಯಲ್ಲಿ ಬೆಳೆದ ಪ್ರಾಣಿ. ಜಿಗಿಯಲು ಶುರು ಮಾಡಿದ ಮೇಲೆ ಹಿಡಿದಲ್ಲಿಗೇ ಬಿಡಬೇಕು. ನಾನೇ ಬಂದು ನೋಡ್ತೇನೆ," ಎಂದರು.

"ಬದುಕ್ತದಲ್ಲ ಡಾಕ್ಟ್ರೇ?"

"ಬೆಕ್ಕಿಗೇನೂ ಆಗೋದಿಲ್ಲ," ಎಂದು ಅವರು ಬೆಕ್ಕಿನ ಉಗುರಿಗೆ ಸಿಕ್ಕ ಸೀರೆಯ ಎಳೆ ಬಿಡಿಸುತ್ತ ಹೇಳಿದರು. "ಸೀರೆ ವಿಷಯ ಹೇಳಲಾರೆ."

೨. ಅಳತೆ

ಮನೆಗೆ ಬಂದ ಬೆಕ್ಕು ಮೊದಲು ಮಾಡಿದ್ದು ಪಟ್ಟಿ ಕಚ್ಚಿ ಕೀಳುವ ಕೆಲಸ. ಬಾಯಿ ಕಾಲಿಗೆ ತಾಗದಂತೆ ಕೊರಳಿಗೊಂದು ಅಗಲ ಕಾಲರ್ ಬೇಕು, ನೀವು ಹೊಲಿಯುವವರೇ ಅಲ್ವಾ, ಎಂದರು ಡಾಕ್ಟರು ಫೋನಿನಲ್ಲಿ. ಹೆಮ್ಮೆಯಿಂದ ಕೂತೆ. ಒಳಗೆ ಸೆಟೆದು ನಿಲ್ಲಲು ಬಕ್ರಂ, ಹೊರಗೆ ಉಳಿದಿದ್ದ ನೀಲಿ ಚೌಕಳಿ ಯೂನಿಫಾರ್ಮ್ ಬಟ್ಟೆ, ಹಿಂದೆ ಗುಂಡಿ. ಕೈ ಪರಚಿಸಿಕೊಂಡು ತೊಡಿಸಿದೆ. ಚಾ ಕುಡಿದು ಬರುವಷ್ಟರಲ್ಲಿ ಕಾಲರ್ ಒಂದು ಕಡೆ, ಬೆಕ್ಕು ಇನ್ನೊಂದು ಕಡೆ.

ನನ್ನ ಕೈಗೊಂದು ಚಾಳಿ ಅಂಟಿದೆ. ಮಕ್ಕಳು ಬೆಳೆಯುತ್ತಾರೆಂದು ಯಾವ ಯೂನಿಫಾರ್ಮನ್ನೂ ಎರಡು ಬೆರಳು ಸಡಿಲವೇ ಹೊಲಿಯುವುದು. ಇದನ್ನೂ ಹಾಗೆಯೇ ಹೊಲಿದಿದ್ದೆ.

ಅತ್ತೆ ಕಾಲರ್ ಎತ್ತಿ ಹಿಡಿದು ನೋಡಿದರು. "ಈ ಬೆಕ್ಕು ಬಪ್ಪ ವರ್ಷ ಹೈಸ್ಕೂಲಿಗೆ ಹೋಗ್ತನೇ?"

೩. ಹಾರ್ನ್

ಬಿಗಿ ಮಾಡಿದ ಕಾಲರ್ ನಿಂತಿತು, ಆದರೆ ಬೆಕ್ಕು ಊಟ ಬಿಟ್ಟಿತು. ಹಾಲನ್ನ ಇಟ್ಟರೆ ಗೋಡೆಗೆ ಮುಖ. ಮೀನು ಕೊಡಿ, ಹೊಟ್ಟೆಗಿಲ್ಲದೆ ಮೂಳೆ ಕೂಡುವುದಿಲ್ಲ, ಎಂದರು ಡಾಕ್ಟರು.

ನಮ್ಮ ಬೀದಿಯಲ್ಲಿ ಮೀನು ತಿನ್ನುವ ಮನೆ ಒಂದೂ ಇಲ್ಲ. "ಮನೆ ಹತ್ರ ಮೀನು ತಂದ್ರೆ ಆನು ತವರಿಗೆ ಹೋಗ್ತೆ," ಎಂದರು ಅತ್ತೆ. ತವರಿನಲ್ಲಿ ಈಗ ಅವರ ಅಣ್ಣನ ಮೊಮ್ಮಕ್ಕಳಿದ್ದಾರೆ.

ಒಂದು ವೇಳೆ ಅತ್ತೆ ಒಪ್ಪಿದರೂ ಮೀನು ಸಿಗುವುದು ಸುಲಭವಿರಲಿಲ್ಲ. ಬೈಕಿನಲ್ಲಿ ಮೀನು ಮಾರುವ ಸಾಹೇಬರು ಊರೆಲ್ಲ ಪೋಂ ಪೋಂ ಎನ್ನಿಸುತ್ತ ಬಂದು, ನಮ್ಮ ಬೀದಿ ಬಂದೊಡನೆ ಮರ್ಯಾದೆಗೆಂದು ಹಾರ್ನ್ ನಿಲ್ಲಿಸಿ ಸುಮ್ಮನೆ ದಾಟಿ ಹೋಗುತ್ತಾರೆ. ಮೆಷಿನ್ ಸದ್ದಿನಲ್ಲಿ ನನಗೆ ಅವರು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಬೆಕ್ಕಿನ ಪಕ್ಕೆಲುಬು ಕಾಣತೊಡಗಿತು. ನನಗೆ ಅಳುವೇ ಬಂತು.

ಒಂದು ಬೆಳಿಗ್ಗೆ ಗೇಟಿನ ಹತ್ತಿರ ಕೂಗು. ನೋಡಿದರೆ ಅತ್ತೆ! ಮೂಗಿಗೆ ಸೆರಗು ಒತ್ತಿಕೊಂಡು, ಇನ್ನೊಂದು ಕೈ ಬೀಸುತ್ತ, "ಓ ಸಾಹೇಬ್ರೇ, ನಿಲ್ಸಿ!"

ಸಾಹೇಬರು ಗಾಬರಿಯಾಗಿ ಬ್ರೇಕ್ ಹಾಕಿದರು. "ಅಮ್ಮಾ, ಅಲ್ಲಾನಾಣೆ, ನಾನು ಹಾರ್ನ್ ಹೊಡೀಲಿಲ್ಲ!"

"ಅದಕ್ಕೇ ಕರ್ದಿದ್ದು. ನಾಳೆಯಿಂದ ಹೊಡೀರಿ."

ಮರುದಿನದಿಂದ ನಮ್ಮ ಗೇಟಿನ ಮುಂದೆ ಹಾರ್ನೋ ಹಾರ್ನು. ಹಿತ್ತಲಲ್ಲಿ ಬೆಕ್ಕಿಗೆ ಊಟ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಬೆಕ್ಕು ಚಲೋ ತಿಂತಡ, ಅಲ್ದ?" ಎಂದು ಕೇಳುತ್ತಿದ್ದರು. ಕಣ್ಣು ಮಾತ್ರ, ಮೀನು ಹೋಗುವುದು ಇಲ್ಲಿಗೇ ಎನ್ನುವಂತೆ, ನನ್ನ ಹೊಟ್ಟೆಯ ಮೇಲೆ.

೪. ಗುಣವಾದದ್ದು

ಬೆಕ್ಕು ಮೈ ತುಂಬಿಕೊಂಡಿತು. ನನ್ನನ್ನು ಕಂಡರೆ ಈಗಲೂ ಬುಸ್ ಎಂದರೂ, ಮಲಗುತ್ತಿದ್ದದ್ದು ನನ್ನ ಮೆಷಿನ್ ಕೆಳಗಿನ ತುಂಡು ಬಟ್ಟೆಯ ಮೇಲೆ. ಒಂದು ಮಧ್ಯಾಹ್ನ ಅದು ಕಪಾಟಿನ ತುದಿಗೆ ಜಿಗಿದದ್ದನ್ನು ನೋಡಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಆ ಬಸ್ಸುಗಳ ನಡುವೆ ಬಿಟ್ಟು ಬರಬೇಕಲ್ಲ. ಅತ್ತೆಗೆ ತಿಳಿದರಂತೂ ಅದೇ ದಿನ ಕಳಿಸುತ್ತಾರೆ ಎಂಬ ಹೆದರಿಕೆ ಬೇರೆ.

ಡಾಕ್ಟರು ಬಂದೇಬಿಟ್ಟರು. ಜಗಲಿಯಲ್ಲಿ ಕೂತು, "ಜಿಗೀತದಾ?" ಎಂದರು. ನಾನು ಸುತ್ತಿಟ್ಟಿದ್ದ ಟೇಪನ್ನೇ ಬಿಚ್ಚಿ ಮತ್ತೆ ಸುತ್ತತೊಡಗಿದೆ.

ಅತ್ತೆ ಒಳಗಿಂದ ಬಂದರು. "ಎಲ್ಲಿ ಡಾಕ್ಟ್ರೇ! ಪಾಪ, ಎದ್ದು ನಿಲ್ಲಲಿಕ್ಕೂ ಆಗೂದಿಲ್ಲ ಅದಕ್ಕೆ."

ನಾನು ಬಾಯಿ ಬಿಟ್ಟುಕೊಂಡು ಅವರನ್ನೇ ನೋಡಿದೆ. ಆಗಲೇ ಗೇಟಿನಲ್ಲಿ ಸಾಹೇಬರ ಹಾರ್ನ್. ಮೆಷಿನ್ ಕೆಳಗಿಂದ ನೀಲಿ ಚೌಕಳಿ ಕಾಲರೊಂದು ಚಿಮ್ಮಿತು. ಡಾಕ್ಟರ ಮಡಿಲ ಮೇಲಿಂದ ಹಾರಿ, ಕಂಪೌಂಡ್ ಗೋಡೆ ಏರಿ, ಮೀನಿನ ಬುಟ್ಟಿಯನ್ನೇ ನೋಡುತ್ತ ಕೂತಿತು.

ಡಾಕ್ಟರು ಗೋಡೆ ನೋಡಿದರು, ಅತ್ತೆಯನ್ನು ನೋಡಿದರು. ಅತ್ತೆ ಕಣ್ಣು ಮಿಟುಕಿಸಲಿಲ್ಲ.

"ಅದು ಬೇರೆ ಬೆಕ್ಕು, ಡಾಕ್ಟ್ರೇ."

ಡಾಕ್ಟರು ಖಾಲಿ ಗೂಡು ಎತ್ತಿಕೊಂಡು ಎದ್ದರು. "ಹಾಗಾದ್ರೆ ಆ ಬೇರೆ ಬೆಕ್ಕಿನ ಕಾಲರ್ ಬಿಚ್ಚಿಬಿಡಿ, ಅಮ್ಮಾ. ಅದರ ಕಾಲು ಪೂರ್ತಿ ಗುಣ ಆಗಿದೆ."