ಸುರಮಾಯಿಯೊಳಗೆ ಬಂದ ಬೀಗರು

ಮತ್ತೆ ಎಬ್ಬಿಸಿದರು. ಇದನ್ನು ಬರೆಯಲು ಕುಳಿತಮೇಲೆ ಮೂರನೆಯ ಸಲ ಏಳುತ್ತಿದ್ದೇನೆ. ಮೊದಲು ಬೆಕ್ಕು, ಆಮೇಲೆ ಅತ್ತೆ, ಈಗ ಮಗಳು. ಬೆಕ್ಕಿಗೆ ಹಸಿವಾಗಿತ್ತು. ಉಳಿದಿಬ್ಬರಿಗೆ ನಾನು ಎದ್ದು ಹೋಗುವಷ್ಟರಲ್ಲಿ ಯಾಕೆ ಕರೆದೆವೆಂಬುದೇ ಮರೆತುಹೋಗಿತ್ತು.

ಗಡಹಿಂಗ್ಲಜದ ಬಾಜಾರದಲ್ಲಿ ನಾನು ಸಮುದ್ರದ ಮೀನು ಮಾರುತ್ತೇನೆ. ಮೀನು ಕೊಂಕಣದಿಂದ ಬರ್ಫದ ಪೆಟ್ಟಿಗೆಯಲ್ಲಿ ಘಾಟ ಹತ್ತಿ ಬರುತ್ತದೆ. ನಾನು ಮಾತ್ರ ಇನ್ನೂ ಸಮುದ್ರ ನೋಡಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೇಲೇಳುವ ತಣ್ಣನೆಯ ಬಿಳಿ ಹೊಗೆಯೇ ನನ್ನ ಸಮುದ್ರ. ಅದರಲ್ಲಿ ಮುಖ ಇಟ್ಟು ಒಂದು ಕ್ಷಣ ಎಲ್ಲೋ ತೇಲುತ್ತಿರುವಾಗಲೇ, "ಏ ಬಾಯಿ, ಬಾಂಗಡೆ ಹೆಂಗ ಕೊಟ್ಟಿ?" ಎಂದು ಯಾರೋ ಒದರುತ್ತಾರೆ. ನನ್ನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಕನಸಿಗೆ ಇಳಿದರೆ ಸಾಕು, ದಂಡೆಯ ಮೇಲೆ ಒಬ್ಬರು ನಿಂತೇ ಇರುತ್ತಾರೆ.

ಮೀನಿನ ಕಟ್ಟೆ ಅತ್ತೆಯದು. ಮೊಣಕಾಲು ಹಿಡಿದುಕೊಂಡ ಮೇಲೆ ಈಳಿಗೆ ನನ್ನ ಕೈಗೆ ಕೊಟ್ಟರು. ಕೊಡುವಾಗಲೇ ಹೇಳಿದ್ದರು: "ದೀಪಾವಳಿ ತನಕ ನೋಡತೇನಿ. ನಾ ಕೂಡಿಸಿದ ಗಿರಾಕಿ ಒಬ್ಬಾಕಿ ಮುರದರೂ ಕಟ್ಟಿ ಬ್ಯಾರೇದವರಿಗೆ. ನೀ ಗೋಡಂಬಿ ಕಾರಖಾನೆಗೆ." ಗೋಡಂಬಿ ಸುಲಿಯುವಲ್ಲಿ ಕನಸು ಕಂಡರೆ ಬೆರಳಿನ ತೊಗಲು ಏಳುತ್ತದೆ. ನನಗೆ ನನ್ನ ಕಟ್ಟೆಯೇ ಬೇಕಿತ್ತು.

ತತ್ತಿ

ನಮ್ಮ ದೊಡ್ಡ ಗಿರಾಕಿಯೆಂದರೆ ಎಸ್‌ಟಿ ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವ ಅಕ್ಕ. ಬುಧವಾರಕ್ಕೊಂದು ಇಡೀ ಸುರಮಾಯಿ ಮೀನು ಒಯ್ಯುವಾಕೆ. ಒಂದು ಬುಧವಾರ ಒಯ್ದ ಅರ್ಧ ತಾಸಿಗೆ ಸ್ಟೀಲಿನ ತಾಟು ಹಿಡಿದು ತಿರುಗಿ ಬಂದಳು.

"ಏನವಾ, ಮೀನಿನ ಜೋಡಿ ಅನ್ನಾನೂ ಕೊಡಾಕ ಚಾಲೂ ಮಾಡಿದೇನ?"

ತುಂಡಿನ ಮಾಂಸದೊಳಗೆ ಅಲ್ಲಲ್ಲಿ ಬಿಳಿ ಕಾಳು, ನೋಡಿದರೆ ಅನ್ನದ ಅಗಳೇ. ಸುತ್ತ ನಾಲ್ಕು ಜನ ಗಿರಾಕಿಗಳಿದ್ದರು. ಬಾಯಿಗೆ ಬಂದದ್ದನ್ನು ಹೇಳಿದೆ.

"ತತ್ತಿರಿ ಅಕ್ಕಾ. ಮೀನಿನ ತತ್ತಿ."

"ತತ್ತಿ ಹೊಟ್ಟ್ಯಾಗ ಇರತಾವ. ಇವು ಬೆನ್ನಾಗ ಅದಾವ."

"ಸಮುದ್ರದ ಮೀನಲ್ರೀ, ತಿರಗ್ಯಾಡಾಕ ಜಾಗಾ ಭಾಳ."

ಅಕ್ಕ ಅರ್ಧ ನಂಬಿದ್ದಳು. ಅಷ್ಟರಲ್ಲಿ ಹಿಂದೆ ನಿಂತಿದ್ದ ರಿಟಾಯರ್ಡ್ ಮಾಸ್ತರರು ಮುಂದೆ ನುಗ್ಗಿ, "ನನಗೂ ತತ್ತಿ ಇದ್ದದ್ದ ತುಂಡ ಕೊಡವಾ. ತತ್ತಿ ಶಕ್ತಿಗೆ ಚಲೋ" ಎಂದರು. ಸರಿಯಾಗಿ ಆಗಲೇ ತಾಟಿನಲ್ಲಿದ್ದ ಒಂದು ಕಾಳು, ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವವರ ಹಾಗೆ, ನಿಧಾನವಾಗಿ ಮೈ ಮುರಿಯಿತು. ನನಗೂ ಹಾಗೆಯೇ ಏಳಬೇಕೆಂದು ಎಷ್ಟು ದಿನದಿಂದ ಆಸೆ.

ಮಾಸ್ತರರು ಚಸ್ಮಾ ಏರಿಸಿ ಬಗ್ಗಿ ನೋಡಿದರು.

"ಬ್ಯಾಡ ಬಿಡು. ಇವು ಆಗಲೇ ಒಡದು ಮರಿ ಆಗ್ಯಾವ."

ಅಕ್ಕ ತಾಟನ್ನು ಅಲ್ಲೇ ಬಿಟ್ಟು ಎದುರಿನ ಕಟ್ಟೆಗೆ ಹೋದಳು.

ತೂಕ

ತಾಟು ಮನೆಗೆ ತಂದೆ. ಮಾವ ಕುರಿ ಮೇಯಿಸಿ ಬಾಳಿದವರು, ಈಗಲೂ ಹದಿನೈದು ಕುರಿ ಇವೆ. ಕಾಳನ್ನು ಉಗುರಿನ ಮೇಲೆ ಇಟ್ಟುಕೊಂಡು ನೋಡಿ, "ಲಾಡಿ ಹುಳದ ಜಾತಿ ಇದ್ದಂಗ ಐತಿ. ಕುರಿ ಹೊಟ್ಟ್ಯಾಗ ಪೈಜಾಮದ ಲಾಡಿಯಷ್ಟ ಉದ್ದ ಬೆಳಿತೈತಿ" ಎಂದರು. ಆಮೇಲೆ, "ಈ ಮೀನ ಯಾರ ತಿಂದೀರಿ?" ಎಂದು ಕೇಳಿದರು.

ತಿಂದವರು ನಮ್ಮ ಯಜಮಾನರು. ಗೋಕುಳ ಶಿರಗಾಂವದ ಫೌಂಡ್ರಿಯಿಂದ ವಾರಕ್ಕೊಮ್ಮೆ ರಜೆಗೆ ಬರುತ್ತಾರೆ. ಅದೇ ಪೆಟ್ಟಿಗೆಯ ಇನ್ನೊಂದು ಸುರಮಾಯಿಯ ಎರಡು ತುಂಡು ತಿಂದು ಮನೆಯ ಮುಂದಿನ ಜಗಲಿಯ ಮೇಲೆ ಅಡ್ಡಾಗಿದ್ದರು. ಮಾವ ಗೂಟದಿಂದ ಕುರಿಗೆ ಔಷಧ ಕುಡಿಸುವ ಉದ್ದ ಮೂತಿಯ ಬಾಟಲಿ ಇಳಿಸಿದರು.

"ನಿನ್ನ ತೂಕ ಎಷ್ಟ ಐತಿ?"

"ಯಾಕ ಅಪ್ಪಾ? ಅರವತ್ತೈದು."

"ಎಂಬತ್ತೆರಡು," ಎಂದೆ ನಾನು. "ಡೋಸ್ ಕಡಿಮಿ ಆದೀತು."

"ಅಪ್ಪಾ, ನಾ ಮನಶಾ!"

"ಒದರಬ್ಯಾಡ. ಟಗರು ನಿನಕಿಂತ ಶಾಣ್ಯಾ ಇರತಾವ. ಬಾಯಿ ತಗಿ."

ಮಾವ ಕುರಿಗೆ ಮಾಡುವ ಹಾಗೆ ಅವರ ಭುಜವನ್ನು ಮೊಣಕಾಲುಗಳ ನಡುವೆ ಹಿಡಿದು ಗದ್ದ ಎತ್ತುವಷ್ಟರಲ್ಲಿ ಅವರು ಜಾರಿ, ಹಿತ್ತಲ ಗೋಡೆ ಜಿಗಿದು, ಸಿಕ್ಕ ಬಸ್ಸು ಹತ್ತಿದರು. ರಜೆಯ ದಿನ ಫೌಂಡ್ರಿಗೆ ತಾವಾಗಿ ಹೋದದ್ದು ಅದೇ ಮೊದಲು.

ಚೀಟಿ

ಮುಂದಿನ ಬುಧವಾರ ಖಾನಾವಳಿ ಅಕ್ಕ ಬರಲಿಲ್ಲ. ಅತ್ತೆ ಗೋಡಂಬಿ ಕಾರಖಾನೆಯ ಗಾಡಿ ನಮ್ಮ ಓಣಿಗೆ ಎಷ್ಟು ಗಂಟೆಗೆ ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿದರು, ಅಷ್ಟೇ.

ಹತ್ತನೆಯ ತರಗತಿಯಷ್ಟೇ ಓದಿದವಳಿಗೆ ಹುಳದ ವಿಷಯ ಯಾರು ಹೇಳಬೇಕು? ಕೊಲ್ಹಾಪುರದ ಒಂದು ಕಾಲೇಜಿನಲ್ಲಿ ಮೀನಿನ ವಿಷಯ ಕಲಿಸುವ ಮ್ಯಾಡಮ್ ಇದ್ದಾರೆಂದು ಗೊತ್ತಾಯಿತು. ಹೊಸ ಮೀನಿನಲ್ಲಿ ಕಾಳು ಕಂಡ ಒಂದು ತುಂಡನ್ನು ಬರ್ಫದ ಜೊತೆ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕಾಗಲ ದಾಟಿದ ಮೇಲೆ ಪಕ್ಕದಲ್ಲಿ ಕುಳಿತವಳು, "ಡಬ್ಬ್ಯಾಗ ಏನ ಐತಿ?" ಎಂದಳು. "ಬೀಗರು," ಎಂದೆ. ಆಕೆ ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಮ್ಯಾಡಮ್ ಒಂದು ಕಾಳನ್ನು ಬಿಡಿಸಿ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದೊಳಗೆ ನೋಡಲು ಹೇಳಿದರು. ಕಣ್ಣಿಟ್ಟೆ. ಹಾಲಿನಂಥ ಬೆಳಕಿನಲ್ಲಿ ನಾಲ್ಕು ಸಣ್ಣ ಎಳೆಗಳು ಹೊರಗೆ ಬಂದವು, ಒಳಗೆ ಹೋದವು. ಎಳೆಗಳ ತುಂಬ ಗುಲಾಬಿ ಮುಳ್ಳಿನಂಥ ಕೊಕ್ಕೆಗಳು. ಇದು ಲಾಡಿ ಹುಳದ ಮರಿ ಎಂದರು ಮ್ಯಾಡಮ್. ತಾಯಿ ಹುಳ ದೊಡ್ಡ ಶಾರ್ಕ್ ಮೀನಿನ ಹೊಟ್ಟೆಯೊಳಗೆ ಇರುತ್ತದಂತೆ. ಅದರ ತತ್ತಿ ನೀರಿಗೆ ಬಿದ್ದು, ಸಣ್ಣ ಜೀವಿಗಳ ಹೊಟ್ಟೆ ಸೇರಿ, ಅವುಗಳಿಂದ ಮೀನಿಗೆ ಬಂದು, ಮರಿ ಮಾಂಸದಲ್ಲಿ ಮುದುಡಿ ಕೂಡುತ್ತದಂತೆ. ಆ ಮೀನನ್ನು ಶಾರ್ಕ್ ನುಂಗಿದರೆ ಮಾತ್ರ ಅದು ಬೆಳೆದು ದೊಡ್ಡದಾಗುವುದು. ಮನುಷ್ಯರ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ. ಹೆಕ್ಕಿ ತೆಗೆದು, ಚೆನ್ನಾಗಿ ಬೇಯಿಸಿ ತಿನ್ನಬಹುದು.

ನಾನು ಕಣ್ಣು ತೆಗೆಯಲಿಲ್ಲ. ನಾನು ನೋಡದ ಸಮುದ್ರವನ್ನು ಇದು ನೋಡಿದೆ. ಕತ್ತಲು ನೀರಿನಲ್ಲಿ ಸುರಮಾಯಿಯ ಬೆನ್ನೊಳಗೆ ಮಲಗಿ, ಯಾರೂ ಎಬ್ಬಿಸದೆ, ಎಷ್ಟು ದೂರ ಹೋಗಿರಬೇಕು.

"ಬಾಯಿ, ಹಿಂದ ಹುಡುಗರು ನಿಂತಾರ," ಎಂದರು ಮ್ಯಾಡಮ್. ಅಲ್ಲಿಯೂ ಎಬ್ಬಿಸಿದರು.

ಹೇಳಿದ್ದನ್ನೆಲ್ಲ ಕಾಗದದ ಮೇಲೆ ಬರೆದುಕೊಡಿ ಎಂದೆ. ನಕ್ಕು ಬರೆದುಕೊಟ್ಟರು. ಶುಕ್ರವಾರ ಕಟ್ಟೆಯ ಮೇಲೆ ಅಂಟಿಸಿದೆ. ಬಂದವರೆಲ್ಲ ನಿಂತು ಓದಿದರು. ಹುಳ ಇದೆ ಎಂದು ಬರೆದಿದ್ದರಿಂದ ಯಾರೂ ಸುರಮಾಯಿ ಒಯ್ಯಲಿಲ್ಲ. ಆಮೇಲೆ ಮಾಸ್ತರರು ಬಾಂಗಡೆಯ ರಾಶಿಗೆ ಬೆರಳು ತೋರಿಸಿ ಕೇಳಿದರು:

"ಸುರಮಾಯಿದು ಚೀಟಿ ಐತಿ. ಬಾಂಗಡೇದು ಎಲ್ಲೈತಿ?"

ಅವತ್ತು ಬಾಂಗಡೆಯೂ ಹೋಗಲಿಲ್ಲ.

ಇಚಲಕರಂಜಿಯ ಫೋನು

ಸುದ್ದಿ ಇಚಲಕರಂಜಿಯಲ್ಲಿರುವ ನಾದಿನಿಯನ್ನು ಮುಟ್ಟಿತು. ಹಿಂದೆ ಮಗ್ಗದ ಸದ್ದು, ಅದರ ಮೇಲೆ ಆಕೆಯ ದನಿ.

"ವೈನಿ, ಹೊಟ್ಟ್ಯಾಗ ಹುಳ ಇದ್ದರ ಮಂದಿ ತೆಳ್ಳಗ ಆಗತಾರಂತ, ಖರೇನು? ಎಸ್‌ಟಿಯಾಗ ಎರಡ ತುಂಡ ಪಾರ್ಸಲ್ ಇಡು. ಹುಳ ತಗೀಬ್ಯಾಡ."

"ಹುಚ್ಚಿ ಅದೀಯೇನ? ಈ ಹುಳ ಮನಶಾರ ಹೊಟ್ಟ್ಯಾಗ ಬೆಳೆಯೂದಿಲ್ಲ. ಶಾರ್ಕಿನ ಹೊಟ್ಟೀನ ಬೇಕು."

ನಾದಿನಿ ಮಗ್ಗ ನಿಲ್ಲಿಸಿದಳು.

"ವೈನಿ, ನೀ ನನ್ನ ನೋಡಿ ಭಾಳ ದಿವಸ ಆತು."

ಖರೇ ಮಾತು

ಮೂರನೆಯ ಬುಧವಾರ ಅತ್ತೆ ತಾವೇ ಕೋಲು ಹಿಡಿದು ಹೊರಟರು. "ಇವತ್ತ ಆಕಿ ಮುರದರ ಮುರದಂಗ. ನಾಳಿಂದ ಕಟ್ಟಿ ಇಲ್ಲ," ಎಂದರು. ಶಾಲೆಗೆ ಸೂಟಿ ಇದ್ದದ್ದರಿಂದ ಒಂದನೆಯ ತರಗತಿ ಓದುವ ಮಗಳೂ ಬೆನ್ನು ಹತ್ತಿದಳು. ಒಂದು ಸುರಮಾಯಿ, ಈಳಿಗೆ, ಒಂದು ದಬ್ಬಣ ತೆಗೆದುಕೊಂಡು ನಾವು ಖಾನಾವಳಿಯ ಅಡುಗೆಮನೆಗೆ ಹೋದೆವು.

"ಅಕ್ಕಾ, ತತ್ತಿ ಅಂದದ್ದು ಸುಳ್ಳು. ಅದು ಹುಳ," ಎಂದೆ. ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. ತೆಳ್ಳಗೆ ತುಂಡು ಕೊಯ್ದು ಕಿಡಕಿಯ ಬೆಳಕಿಗೆ ಹಿಡಿದು ತೋರಿಸಿದೆ. ನೆರಳಿನ ಹಾಗೆ ಮೂರು ಕಾಳು ಕಂಡವು. ದಬ್ಬಣದಿಂದ ಮೂರನ್ನೂ ಹೆಕ್ಕಿ ತೆಗೆದು, ಖಾರ ಹಚ್ಚಿ, ಒಳಗಿನ ತನಕ ಬೇಯುವ ಹಾಗೆ ಹುರಿದು, ಮೊದಲು ನಾನೇ ತಿಂದೆ.

ಅತ್ತೆ ನನ್ನ ಬೆಂಬಲಕ್ಕೆ ಬಂದರು. "ಈಕಿಗೆ ಬುದ್ಧಿ ಇಲ್ಲ ಬಿಡು. ತತ್ತಿ ಅಂತ ಯಾರರ ಅಂತಾರೇನ? ಇಪ್ಪತ್ತ ವರ್ಷ ನಾ ಚರಬಿ ಅಂತನ ಹೇಳಿ ಮಾರೇನಿ. ಯಾರೂ ಏನೂ ಕೇಳಿಲ್ಲ."

ಅಕ್ಕ ಮೆಲ್ಲಗೆ ಅತ್ತೆಯ ಕಡೆ ತಿರುಗಿದಳು. "ಏನಂದ್ರಿ ಮಾವಶಿ?"

ಅತ್ತೆಗೆ ಥಟ್ಟನೆ ಮೊಣಕಾಲು ನೋವು ನೆನಪಾಗಿ ಅಲ್ಲೇ ಕುಳಿತರು.

ಅಕ್ಕ ನನಗೆ ಹೇಳಿದಳು: "ಬುಧವಾರದ ಮೀನು ನಿನ್ನ ಕಡೇನ ತಗೋತೇನಿ. ಹುಳ ಇತ್ತು ಅಂತ ಅಲ್ಲ, ಸುಳ್ಳು ಹೇಳಿದಿ ಅಂತ ಸಿಟ್ಟ ಬಂದಿತ್ತು. ಇನ್ನ ಯಾರ ಏನ ಕೇಳಿದರೂ ಖರೇ ಹೇಳಬೇಕು. ಹೇಳಲಿಲ್ಲಂದ್ರ ಅವತ್ತ ಬಂದ್. ಆಣಿ ಮಾಡು."

ಈಳಿಗೆ ಮುಟ್ಟಿ ಆಣೆ ಮಾಡಿದೆ. ಕಟ್ಟೆ ಉಳಿಯಿತು. ಅಕ್ಕ ಹುರಿದ ತುಂಡೊಂದನ್ನು ಮುರಿದುಕೊಂಡಳು. ನನ್ನ ಮಗಳು ಆವರೆಗೂ ತಾಟಿನಲ್ಲಿದ್ದ ಮೂರು ಕಾಳುಗಳ ಮುಂದೆ ಗಲ್ಲಕ್ಕೆ ಕೈಯಿಟ್ಟು ಕುಳಿತಿದ್ದಳು.

"ಅವ್ವಾ, ಇವುಗಳ ಅವ್ವ ಎಲ್ಲಿರತಾಳ?"

"ಶಾರ್ಕಿನ ಹೊಟ್ಟ್ಯಾಗ," ಎಂದೆ, ಖರೇ ಮಾತು.

"ಇವು ಅಲ್ಲಿಗೇ ಹೊಂಟಿದ್ದೂವೇನ?"

"ಹೂಂ."

ಅಕ್ಕ ತುಂಡನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ನಿಂತಳು. ಅತ್ತೆಯೂ ತಲೆ ಎತ್ತಿ ನನ್ನ ಮುಖ ನೋಡಿದರು.

"ಹಂಗಾರ ಇವು ಗಡಹಿಂಗ್ಲಜದಾಗ ಇಳದಾವ ಅಂತ ಅವರವ್ವಗ ಯಾರ ಹೇಳತಾರ?"