ಮೊದಲಿನ ಹಾಗೇ ಮಾಡಿ

ಗುಮಾಸ್ತರ ಅಂದಿನ ಪಾಡಿಗೆಲ್ಲ ಕಾರಣ ಅವರೇ ಆಡಿದ ಒಂದು ಮಾತು: “ಮೊದಲಿನ ಹಾಗೇ ಮಾಡಿ.”

ಕ್ಷೌರದ ಅಂಗಡಿಯಲ್ಲಿ ಅವರು ವರ್ಷಗಳಿಂದ ಹೇಳುತ್ತ ಬಂದ ಮಾತು ಅದು. ಅಂಗಡಿಯವನೂ ಕಳೆದ ಸಲದ ಹಾಗೆ ಸಣ್ಣಗೆ, ಸಭ್ಯವಾಗಿ ಕತ್ತರಿಸಿ ಕಳಿಸುತ್ತಿದ್ದ. ಆದರೆ ಆ ಬೆಳಿಗ್ಗೆ ಅವನು ಏನೋ ಕೆಲಸಕ್ಕೆ ಪಕ್ಕದ ಊರಿಗೆ ಹೋಗಿದ್ದ. ಅವನ ಬದಲು ಕತ್ತರಿ ಹಿಡಿದು ನಿಂತಿದ್ದವರು ಅವನ ತಂದೆ. ಕೆಲಸ ಬಿಟ್ಟು ಎಷ್ಟೋ ಕಾಲವಾಗಿ, ಮೂಲೆಯಲ್ಲಿ ಪೇಪರ್ ಓದುತ್ತ ಕೂರುತ್ತಿದ್ದ ಮುದುಕರು. ಗುಮಾಸ್ತರ ತಲೆಯನ್ನು ಅವರು ಕಡೆಯದಾಗಿ ಮುಟ್ಟಿದ್ದು ಗುಮಾಸ್ತರು ಕಾಲೇಜಿನಲ್ಲಿದ್ದಾಗ. ಮುದುಕರ ಪಾಲಿಗೆ ‘ಮೊದಲಿನ ಹಾಗೆ’ ಎಂದರೆ ಅದೇ ಮೊದಲು.

ಗುಮಾಸ್ತರು ಜ್ವರ ಬಂದು ತಿಂಗಳುಗಟ್ಟಲೆ ಮಲಗಿ ಎದ್ದವರು. ಕೂದಲು ಕಿವಿ ದಾಟಿತ್ತು, ಗಡ್ಡ ಬೆಳೆದಿತ್ತು. ಕತ್ತರಿಯ ಕಚಕಚ ಸದ್ದಿಗೆ ಹಾಯಾಗಿ ನಿದ್ದೆ ಹೋದರು. ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಅವರದೇ ಕಾಲೇಜಿನ ಗುಂಪು ಫೋಟೋದಿಂದ ಎದ್ದು ಬಂದ ಹುಡುಗನೊಬ್ಬ ಕೂತಿದ್ದ, ಮುಖ ಮಾತ್ರ ಸುಕ್ಕಾಗಿತ್ತು. ಕಿವಿಗಳು ಕಾಣಿಸುತ್ತಿರಲಿಲ್ಲ. ಕೆನ್ನೆಯ ಎರಡೂ ಪಕ್ಕ ಕೂದಲು ದವಡೆಯವರೆಗೆ ಇಳಿದಿತ್ತು. ಹಿಂದೆ ಕತ್ತಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ, ಕಾಲರಿಗೆ ಮುತ್ತಿಡುವ ಸ್ಟೆಪ್ ಕಟ್.

ಅವರ ಹರೆಯದಲ್ಲಿ ಈ ತಲೆಗೆ ಜೊತೆಯಾಗಿ ಬೀದಿ ಗುಡಿಸುವಷ್ಟು ಅಗಲದ ಬೆಲ್ ಬಾಟಂ ಪ್ಯಾಂಟು, ಆನೆಕಿವಿಯಂಥ ಕಾಲರಿನ ಅಂಗಿ ಇರುತ್ತಿದ್ದವು. ಆಗ ಅವರ ತಂದೆ ಬಾಗಿಲಲ್ಲೇ ತಡೆದು, ಕೂದಲನ್ನು ಹೊರಗಿಟ್ಟು ನೀನು ಒಳಗೆ ಬಾ ಎಂದಿದ್ದರು. ಆಮೇಲೆ ಅಗಲದ ಪ್ಯಾಂಟು ಹೋಗಿ ಸೊಂಟದಲ್ಲಿ ಉಬ್ಬಿ ಹಿಮ್ಮಡಿಯಲ್ಲಿ ಬಿಗಿಯುವ ಪ್ಯಾಂಟು ಬಂತು. ಅದೂ ಹೋಗಿ ಮಂಡಿ ಹರಿದದ್ದು ಬಂತು. ಈಗ ಅವರ ಮಗ ತಲೆಯ ಎರಡೂ ಪಕ್ಕ ಬೋಳಿಸಿ ನೆತ್ತಿಯ ಮೇಲೆ ಪೊದೆ ಬೆಳೆಸಿದ್ದ. ಹಿಂದಿನ ರಾತ್ರಿಯಷ್ಟೇ ಗುಮಾಸ್ತರು ಅವನಿಗೆ, ಈ ತಲೆ ಹೊತ್ಕೊಂಡು ನನ್ನ ಜೊತೆ ರಸ್ತೇಲಿ ನಡೀಬೇಡ ಎಂದು ಗದರಿದ್ದರು.

ಇದೇನು ಮಾಡಿದಿರಿ ಎಂದು ಕೇಳಲು ಬಾಯಿ ತೆರೆದರೆ ಮುದುಕರ ಕಣ್ಣು ಒದ್ದೆಯಾಗಿತ್ತು.

“ಈ ಕಟಿಂಗ್ ಮಾಡಿ ಎಷ್ಟು ಕಾಲ ಆಗಿತ್ತಪ್ಪ. ಬೆಳಿಗ್ಗೆ ಬಾಗಿಲು ತೆಗೀತಿದ್ದ ಹಾಗೇ ಇನ್ನೊಬ್ಬರು ಬಂದು ಇದೇ ಮಾತು ಹೇಳಿದ್ರು. ನೀನು ಎರಡನೆಯವನು. ಕಾಲ ತಿರುಗ್ತಿದೆ ನೋಡು.”

ಗುಮಾಸ್ತರಿಗೆ ಅವರ ಸಂತೋಷ ಕೆಡಿಸಲು ಮನಸ್ಸು ಬರಲಿಲ್ಲ. ಕಚೇರಿಗೂ ಹೊತ್ತಾಗಿತ್ತು.

ಬೇರೆ ದಿನವಾಗಿದ್ದರೆ ಜನ ನಕ್ಕರೆ ನಗಲಿ ಎಂದು ಬಿಡಬಹುದಿತ್ತು. ಆದರೆ ಅಂದು ನೀರು ಸರಬರಾಜು ಕಚೇರಿಗೆ ಹೊಸ ಸಾಹೇಬರು ಬರುವವರಿದ್ದರು. ಮುಂದಿನ ಹಜಾರದಲ್ಲಿ, ಕಿಟಕಿ ಪಕ್ಕದ ಮೇಲ್ವಿಚಾರಕರ ಕುರ್ಚಿ ಖಾಲಿಯಾಗಿತ್ತು. ಅದಕ್ಕೆ ಅರ್ಹರು ಇಬ್ಬರೇ: ಗುಮಾಸ್ತರು, ಮತ್ತು ಎದುರು ಮೇಜಿನ ಬೋಳುತಲೆಯ ಸಹೋದ್ಯೋಗಿ. ಈ ಸಹೋದ್ಯೋಗಿಯನ್ನು ಕಚೇರಿಯೆಲ್ಲ ಪ್ರೀತಿಯಿಂದ ‘ಹುಣ್ಣಿಮೆ’ ಎಂದೇ ಕರೆಯುತ್ತಿತ್ತು. ಒಬ್ಬರಿಗೆ ಕಿಟಕಿ, ಇನ್ನೊಬ್ಬರಿಗೆ ನೆಲಮಾಳಿಗೆಯ ಹಳೇ ಕಡತಗಳ ಕೋಣೆ. ಗುಮಾಸ್ತರಿಗೆ ಧೂಳು ಕಂಡರೆ ಆಗದು. ಒಂದು ಕಡತ ಕೊಡವಿದರೆ ಸಾಕು, ಸೀನಿ ಸೀನಿ ಕಣ್ಣು ಕೆಂಡವಾಗುತ್ತಿತ್ತು. ಸಿಗುವ ಮೊದಲೇ ಆ ಕುರ್ಚಿಗೊಂದು ಮೆತ್ತೆ ಹೊಲಿಸಿಟ್ಟಿದ್ದರು ಪಾಪ.

ಅವರು ಒಳಗೆ ಕಾಲಿಟ್ಟೊಡನೆ ಹಜಾರದ ಸದ್ದು ನಿಂತಿತು. ಟೈಪಿಸ್ಟ್ ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ತರಬೇತಿಗೆ ಬಂದಿದ್ದ ಹುಡುಗಿ ಮಾತ್ರ ಮೇಜಿನ ಹತ್ತಿರವೇ ಬಂದು, “ಸೂಪರ್ ಆಗಿದೆ ಸರ್. ಈಗ ಮತ್ತೆ ಇದೇ ನಡೀತಿರೋದು” ಎಂದಳು. ಗಾಯದ ಮೇಲೆ ಬರೆ ಎಳೆಯುತ್ತಿದ್ದಾಳೆ ಎಂದುಕೊಂಡು ಗುಮಾಸ್ತರು ಮುಖ ತಿರುಗಿಸಿದರು. ಅವಳು ಸಪ್ಪೆಯಾಗಿ, ಕಾಗದಗಳನ್ನೆತ್ತಿಕೊಂಡು ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ಆಗಲೇ ಬಂದು ಕೂತಿದ್ದರು. ಕಿವಿ, ದವಡೆ, ಕತ್ತು ಎಲ್ಲ ಮುಚ್ಚುವ ಟೋಪಿ ಹಾಕಿದ್ದಾರೆ, ಕೋಣೆಯೊಳಗೂ ಅದನ್ನು ತೆಗೆದಿಲ್ಲ, ಚಹಾ ಕುಡಿಯುವಾಗಲೂ ತೆಗೆಯಲಿಲ್ಲ ಎಂದು ಜವಾನ ವರದಿ ತಂದ. ಭಾರೀ ಶಿಸ್ತಿನ ಮನುಷ್ಯ ಇರಬೇಕು ಎಂದು ಹುಣ್ಣಿಮೆ ತೀರ್ಪು ಕೊಟ್ಟರು. ಸ್ವಲ್ಪ ಹೊತ್ತಿಗೆ ಜವಾನ ಮತ್ತೆ ಬಂದ.

“ಆ ಕೂದಲಿನವರು ಯಾರು ಅಂತ ಸಾಹೇಬರು ಕೇಳಿದ್ರು. ಊಟ ಆದ ಮೇಲೆ ಕಳಿಸು ಅಂದ್ರು.”

ಗುಮಾಸ್ತರ ಕಣ್ಣ ಮುಂದೆ ನೆಲಮಾಳಿಗೆಯ ಮೆಟ್ಟಿಲುಗಳು ಇಳಿಯತೊಡಗಿದವು. ಈಗ ಕಚೇರಿಯೆಲ್ಲ ಒಂದಾಯಿತು. ಇನ್ನೊಬ್ಬರ ತಲೆ ಸಿಕ್ಕಿದರೆ ಯಾರಿಗೆ ಉತ್ಸಾಹ ಬರುವುದಿಲ್ಲ? ಟೈಪಿಸ್ಟ್ ಅಕ್ಕ ತಮ್ಮ ಚೀಲದಿಂದ ಎಣ್ಣೆ ಶೀಷೆ ತೆಗೆದು ಧಾರಾಳವಾಗಿ ಸುರಿದು, ನಡುವೆ ಬೈತಲೆ ತೆಗೆದು ಒತ್ತಿ ಬಾಚಿದರು. ತಮ್ಮ ಅಜ್ಜ ಹೀಗೇ ಇದ್ದರು, ಎಷ್ಟು ಗೌರವ ಇತ್ತು ಎಂದರು. ಎಣ್ಣೆ ಕೆನ್ನೆಗೆ ಇಳಿಯಿತೇ ಹೊರತು ಗೌರವ ಬರಲಿಲ್ಲ. ಕಿವಿ ಪಕ್ಕದ ಕೂದಲಿಗೆ ಅವರು ಹೇರ್ ಪಿನ್ ಚುಚ್ಚಿದರೆ, ಅದು ನೀರಿನ ದೂರು ಹೇಳಲು ಬಂದ ಹೆಂಗಸಿನೆದುರು ಟಣ್ಣೆಂದು ಹಾರಿ ಬಿತ್ತು. ಆಕೆ ಹೆಕ್ಕಿ ಕೊಟ್ಟು, ತಮ್ಮ ದೂರನ್ನೂ ಮರೆತು, ತಲೆ ತೊಳೆದುಬಿಡಿ ಎಂದು ಸಲಹೆ ಕೊಟ್ಟು ಹೋದರು.

ತಲೆ ತೊಳೆದದ್ದೇ ತಪ್ಪಾಯಿತು. ಒಣಗುತ್ತ ಒಣಗುತ್ತ ಕೂದಲು ಮೊದಲಿಗಿಂತ ಎರಡರಷ್ಟು ಉಬ್ಬಿ ನಿಂತಿತು.

ಆಗ ಹುಣ್ಣಿಮೆ ಕಾಗದ ಕತ್ತರಿಸುವ ಕತ್ತರಿ ಹಿಡಿದು ಮುಂದೆ ಬಂದರು. “ಪಕ್ಕದಲ್ಲಿ ಚೂರು ತೆಗೆದರೆ ಸರಿಹೋಗುತ್ತೆ. ಬನ್ನಿ ಬಚ್ಚಲಿಗೆ. ನನ್ನ ಮೇಲೆ ನಂಬಿಕೆ ಇಲ್ವಾ?”

ಸ್ವಂತ ತಲೆಯಲ್ಲಿ ಒಂದು ಕೂದಲೂ ಉಳಿಸಿಕೊಳ್ಳದವರನ್ನು ಈ ವಿಷಯದಲ್ಲಿ ನಂಬಬಾರದು ಎಂಬುದು ಗುಮಾಸ್ತರಿಗೆ ಹೊಳೆಯಬೇಕಿತ್ತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಹುಣ್ಣಿಮೆ ಎಡಪಕ್ಕ ಚೂರು ತೆಗೆದರು, ಬಲಪಕ್ಕ ಹೆಚ್ಚಾಗಿ ಕಂಡಿತು. ಬಲಪಕ್ಕ ತೆಗೆದರು, ಎಡಪಕ್ಕ ಹೆಚ್ಚಾಯಿತು. ಬೆಕ್ಕುಗಳಿಗೆ ಕೋತಿ ಬೆಣ್ಣೆ ಹಂಚಿದ ಕತೆಯೇ ಅಲ್ಲಿ ನಡೆಯಿತು. ಎರಡೂ ಪಕ್ಕ ಸಮವಾಗುವ ಹೊತ್ತಿಗೆ ಅಲ್ಲಿ ಕೂದಲೇ ಇರಲಿಲ್ಲ, ನೆತ್ತಿಯ ಮೇಲೆ ಮಾತ್ರ ಒಂದು ಪೊದೆ ಉಳಿದಿತ್ತು. ಗಣಪತಿಯನ್ನು ಮಾಡಹೋಗಿ ಅವರಪ್ಪನನ್ನು ಮಾಡಿದರು ಎಂಬ ಗಾದೆಯಿದೆ. ಇಲ್ಲಿ ಅಪ್ಪನನ್ನು ಸರಿಮಾಡಹೋಗಿ ಮಗನನ್ನು ಮಾಡಿಟ್ಟಿದ್ದರು. ಬಚ್ಚಲ ಕನ್ನಡಿಯಲ್ಲಿ ತಮ್ಮ ಮಗನ ತಲೆ ಕಂಡು ಗುಮಾಸ್ತರಿಗೆ ಅಳು ಬಂತು. ಆದರೂ ಕತ್ತು, ಕಿವಿ, ದವಡೆ ಎಲ್ಲ ಸ್ವಚ್ಛವಾಗಿವೆ, ಶಿಸ್ತಿನವರಿಗೆ ಅಷ್ಟು ಸಾಕು ಎಂದು ಹುಣ್ಣಿಮೆ ಬೆನ್ನು ತಟ್ಟಿ ಕಳಿಸಿದರು.

ಸಾಹೇಬರು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತಿದ್ದರು. ಗುಮಾಸ್ತರ ತಲೆಯನ್ನು ಬಹಳ ಹೊತ್ತು ನೋಡಿದರು.

“ಸ್ಟೆಪ್ ಕಟ್‌ನವರನ್ನ ಕರೆದಿದ್ದೆ. ನೀವು ಯಾರು?”

“ನಾನೇ ಸರ್. ತಪ್ಪಾಯ್ತು ಸರ್. ನಿಮಗೆ ಇಷ್ಟ ಆಗಲ್ಲ ಅಂತ ತೆಗೆಸಿಬಿಟ್ಟೆ.”

ಸಾಹೇಬರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು, ಮೆಲ್ಲಗೆ ಟೋಪಿ ತೆಗೆದರು. ಕಿವಿಗಳು ಕಾಣಿಸುತ್ತಿರಲಿಲ್ಲ. ಕೂದಲು ದವಡೆಯವರೆಗೆ ಇಳಿದಿತ್ತು. ಕತ್ತಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿತ್ತು.

“ಹುಡುಗನಾಗಿದ್ದಾಗ ಈ ಊರಲ್ಲೇ ಕೆಲಸದಲ್ಲಿದ್ದೆ” ಎಂದರು ಸಾಹೇಬರು. “ಓಡಾಟದಲ್ಲಿ ಕೂದಲು, ಗಡ್ಡ ವಿಪರೀತ ಬೆಳೆದಿತ್ತು. ಬೆಳಿಗ್ಗೆ ಹಳೇ ಅಂಗಡಿ ಕಂಡಿತು ಅಂತ ಒಳಗೆ ಹೋದೆ. ಅದೇ ಮುದುಕರು ನಿಂತಿದ್ದರು. ಪ್ರೀತಿ ಉಕ್ಕಿ, ಮೊದಲಿನ ಹಾಗೇ ಮಾಡಿ ಅಂದುಬಿಟ್ಟೆ.”

ತಾವು ಎರಡನೆಯವರಾದರೆ ಮೊದಲನೆಯವರು ಯಾರು ಎಂದು ಗುಮಾಸ್ತರು ಬೆಳಿಗ್ಗೆಯಿಂದ ಒಮ್ಮೆಯೂ ಯೋಚಿಸಿರಲಿಲ್ಲ.

“ಆ ಹುಡುಗಿ ಬಂದು, ನಮ್ಮಲ್ಲೊಬ್ಬ ಹಿರಿಯರು ಧೈರ್ಯವಾಗಿ ಸ್ಟೆಪ್ ಕಟ್ ಮಾಡಿಸ್ಕೊಂಡು ಬಂದಿದ್ದಾರೆ ಅಂದಳು. ನನಗೆ ಜೀವ ಬಂದ ಹಾಗಾಯ್ತು. ನಿಮ್ಮನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಈ ಟೋಪಿ ತೆಗೀಬೇಕು, ಆ ಕುರ್ಚಿ ನಿಮಗೇ ಕೊಡಬೇಕು ಅಂತಿದ್ದೆ. ನೀವು ನೋಡಿದರೆ...” ಸಾಹೇಬರು ನಿಟ್ಟುಸಿರು ಬಿಟ್ಟರು. “ಮುಂದಿನ ಹಜಾರಕ್ಕೆ ಜನ ದಿನಾ ಬೈಯೋಕೇ ಬರ್ತಾರೆ. ಯಾರೋ ಏನೋ ಅಂದಾರು ಅಂತ ತಲೆ ಬೋಳಿಸ್ಕೊಳ್ಳೋರು ಅಲ್ಲಿ ಹೇಗೆ ಕೂರ್ತೀರಿ?”

ಬೆಳಿಗ್ಗೆಯಿಂದ ಟೋಪಿಯೊಳಗೆ ಅಡಗಿ ಕೂತವರು ಯಾರು ಎಂದು ಗುಮಾಸ್ತರಿಗೆ ಕೇಳಬೇಕೆನಿಸಿತು. ಅಷ್ಟರಲ್ಲಿ ಹುಡುಗಿ ಕಾಗದಗಳ ಜೊತೆ ಬಾಗಿಲು ತಳ್ಳಿ ಒಳಗೆ ಬಂದಳು. ಸಾಹೇಬರ ತಲೆ ನೋಡಿ ಕಣ್ಣರಳಿಸಿ, ತುಂಬಾ ಒಪ್ಪುತ್ತೆ ಸರ್ ಎಂದಳು. ಗುಮಾಸ್ತರ ತಲೆ ನೋಡಿ ಕಾಗದಗಳನ್ನು ಜೋಡಿಸತೊಡಗಿದಳು. ಸಾಹೇಬರ ಮುಖ ಅರಳಿತು. ಕುರ್ಚಿ ಹುಣ್ಣಿಮೆಗೆ ಎಂದು ಅಲ್ಲೇ ಸಹಿ ಹಾಕಿದರು. ಅವರ ತಲೆ ಮೊದಲಿನಿಂದ ಇಲ್ಲಿಯವರೆಗೆ ಒಂದೇ ತೆರನಾಗಿದೆ, ನಂಬಬಹುದು ಎಂದರು. ಆಮೇಲೆ ತಮಗಿನ್ನು ಬೇಡವಾದ ಟೋಪಿಯನ್ನು ತಾವೇ ಗುಮಾಸ್ತರ ತಲೆಗಿಟ್ಟು, ಕೆಳಗಡೆ ಧೂಳು ಜಾಸ್ತಿಯಂತೆ, ಇರಲಿ ಎಂದು ಕಳಿಸಿಕೊಟ್ಟರು.

ಸಂಜೆ ಹೆಂಡತಿ ಬಾಗಿಲಲ್ಲೇ ಕಾದು ನಿಂತಿದ್ದರು. “ಕುರ್ಚಿ ಸಿಕ್ತೇನ್ರೀ?”

“ಇಲ್ಲ ಕಣೇ. ಟೋಪಿ ಹಾಕಿದ್ರು” ಎಂದು ಗುಮಾಸ್ತರು ಟೋಪಿ ತೆಗೆದು ಮೊಳೆಗೆ ತಗುಲಿಸಿ, ಮೂರು ಸಲ ಸೀನಿದರು.

ಆಗ ಹೆಂಡತಿಗೆ ಅವರ ತಲೆ ಕಂಡಿತು. ಅವರು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು. ಕೋಣೆಯಿಂದ ಬಂದ ಮಗ ಅಪ್ಪನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಅವನಾದರೂ ಮೆಚ್ಚಿಕೊಂಡಾನು ಎಂದು ಗುಮಾಸ್ತರು ಆಸೆಯಿಂದ ನೋಡಿದರು. ಅವನು ಮೊಳೆಯಿಂದ ಟೋಪಿ ತೆಗೆದು, ಕನ್ನಡಿಯ ಮುಂದೆ ತಿರುಗಾಮುರುಗ ಇಟ್ಟುಕೊಂಡು, ಒಳ್ಳೇ ಹಳೇ ಮಾಲು, ಈಗ ಇದಕ್ಕೆ ಭಾರೀ ಬೇಡಿಕೆ ಎಂದು ಹೊರಟ.

“ತಡಿಯೋ, ನಾನೂ ಬರ್ತೀನಿ. ಕ್ಷೌರದ ಅಂಗಡಿವರೆಗೆ” ಎಂದರು ಗುಮಾಸ್ತರು.

ಮಗ ಬಾಗಿಲಲ್ಲಿ ನಿಂತು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದ.

“ಬೇಡಪ್ಪ. ಈ ತಲೆ ಹೊತ್ಕೊಂಡು ನನ್ನ ಜೊತೆ ರಸ್ತೇಲಿ ನಡೀಬೇಡಿ.”